ಅಲ್ಲಾಡಿಸಿದರೆ ಸದ್ದಿಲ್ಲದ ಎಸ್‌ಎಸ್‌ಡಿ

ನನ್ನ ಮೇಜಿನ ಖಾನೆಯಲ್ಲಿ ಒಂದು ಖಾಲಿ ರಟ್ಟಿನ ಡಬ್ಬಿ ಇದೆ, ಇಸ್ಪೀಟು ಕಟ್ಟಿಗಿಂತ ಕೊಂಚ ಅಗಲ. ಹೆಂಡತಿ ಸರೋಜ ಅದನ್ನು ಎರಡು ಸಲ ಕಸದ ಬುಟ್ಟಿಗೆ ಹಾಕಿದಳು, ಎರಡು ಸಲವೂ ನಾನು ಎತ್ತಿಕೊಂಡು ಬಂದೆ. "ಅದ್ರಲ್ಲಿ ಏನಿದೆ ಅಂತ ಇಟ್ಕೊಂಡಿದ್ದೀರಿ?" ಎಂದು ಕೇಳುತ್ತಾಳೆ. ಅದರಲ್ಲಿ ಏನೂ ಇಲ್ಲ. ಇದ್ದದ್ದು ಈಗ ನಮ್ಮ ಕಂಪ್ಯೂಟರಿನ ಹೊಟ್ಟೆ ಸೇರಿದೆ. ಅದಕ್ಕೆ ಎಸ್‌ಎಸ್‌ಡಿ ಎನ್ನುತ್ತಾರೆ.

ಎಸ್‌ಎಸ್‌ಡಿ ಎಂದರೇನು ಎಂದು ಗೊತ್ತಿರುವವರು ಈ ಪ್ಯಾರಾ ಹಾರಿಸಬಹುದು. ಗೊತ್ತಿಲ್ಲದವರು ನನ್ನ ಪಕ್ಕಕ್ಕೆ ಬಂದು ಕೂತುಕೊಳ್ಳಿ, ನಾವು ಒಂದೇ ಬೆಂಚಿನವರು. ಕಂಪ್ಯೂಟರಿನಲ್ಲಿ ನಾವು ಬರೆದದ್ದು, ಕೂಡಿಟ್ಟ ಫೋಟೋ, ಮದುವೆಯ ವೀಡಿಯೋ ಎಲ್ಲ ಹೋಗಿ ಸೇರುವ ಒಂದು ಕಣಜವಿರುತ್ತದೆ. ಹಳೆಯ ಕಾಲದ ಕಣಜಕ್ಕೆ ಹಾರ್ಡ್ ಡಿಸ್ಕ್ ಎಂದು ಹೆಸರು. ಅದರೊಳಗೆ ಒಂದು ತಟ್ಟೆ ಗಿರಗಿರ ತಿರುಗುತ್ತದೆ, ಒಂದು ಮುಳ್ಳು ಅದರ ಮೇಲೆ ಓಡಾಡುತ್ತದೆ, ಹಾಗಾಗಿ ಸದ್ದು ಮಾಡುತ್ತದೆ. ಹೊಸ ಕಾಲದ್ದು ಎಸ್‌ಎಸ್‌ಡಿ. ಅದರೊಳಗೆ ಏನೂ ತಿರುಗುವುದಿಲ್ಲ, ಏನೂ ಓಡುವುದಿಲ್ಲ. ಕೆಲಸ ಮಾತ್ರ ಎಷ್ಟೋ ಪಟ್ಟು ಬೇಗ ಮಾಡುತ್ತದೆ. ಇದೆಲ್ಲ ನನಗೆ ಈಗ ಗೊತ್ತು. ಗೊತ್ತಾಗುವ ಮೊದಲು ನಾನು ಮಾಡಿದ ಘನಕಾರ್ಯವನ್ನು ಹೇಳುತ್ತೇನೆ, ನಗುವುದಾದರೆ ಮೆಲ್ಲಗೆ ನಗಿ.

ಅಂಗಡಿಯಿಂದ ತಂದವನೇ ಡಬ್ಬಿ ಬಿಚ್ಚಿದೆ. ಒಳಗೆ ಒಂದು ಕಪ್ಪು ಬಿಲ್ಲೆ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎಂಬಷ್ಟು ಹಗುರ. ಅಷ್ಟರಲ್ಲಿ ನನ್ನ ಕೈ ತಾನಾಗಿ ಮೇಲೆದ್ದಿತು, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಆ ಬಿಲ್ಲೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು. ಸದ್ದಿಲ್ಲ. ಇನ್ನೊಂದು ಸಲ ಅಲ್ಲಾಡಿಸಿದೆ. ಊಹೂಂ. "ಪೊಳ್ಳು!" ಎಂದೆ ಗಟ್ಟಿಯಾಗಿ. ಮುಳಬಾಗಿಲಿನ ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು ನಾನು, ಇದನ್ನು ದಯವಿಟ್ಟು ನೆನಪಿಟ್ಟುಕೊಂಡು ಮುಂದೆ ಓದಿ.

ಇದರಲ್ಲಿ ನನ್ನ ತಪ್ಪಿಗಿಂತ ನಮ್ಮ ಮನೆಯ ತಪ್ಪು ಹೆಚ್ಚು. ನಮ್ಮದು ವಕ್ಕಲೇರಿ ಹತ್ತಿರದ ಹಳ್ಳಿ. ಹೊಟ್ಟೆಗೆ ರಾಗಿ, ಮಿಕ್ಕ ನೆಲವೆಲ್ಲ ಹಿಪ್ಪುನೇರಳೆ. ಮನೆಯ ನಡುಕೋಣೆಯಲ್ಲಿ ರೇಷ್ಮೆ ಹುಳುಗಳು ಬಿದಿರಿನ ತಟ್ಟೆಗಳ ಮೇಲೆ ಸುಖವಾಗಿದ್ದವು, ನಾವು ಜಗಲಿಯ ಮೇಲೆ ಮಲಗುತ್ತಿದ್ದೆವು. ಅವುಗಳಿಗೆ ಜ್ವರ ಬಂತು ಎಂದರೆ ಮನೆಯೆಲ್ಲ ಪಿಸುಮಾತು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚಲು ಸುಮ್ಮನೆ ತಲೆಯೆತ್ತಿ ನಿಲ್ಲುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನನಗೆ ನಿಜವಾದ ಜ್ವರ ಬಂದಾಗ ಯಾರೂ ಅಷ್ಟು ಮೆಲ್ಲಗೆ ಮಾತಾಡಿದ್ದು ನೆನಪಿಲ್ಲ. ಹುಳು ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಕೈಕಾಲು ತೊಳೆಯದೆ ಹೋಗುವಂತಿಲ್ಲ, ಬೀಡಿ ಸೇದಿದವರು, ಬೆಳ್ಳುಳ್ಳಿ ತಿಂದವರು ಹೊಸ್ತಿಲ ಆಚೆಯೇ. ಎಷ್ಟೋ ವರ್ಷಗಳ ಮೇಲೆ ನಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೂ ಒಂದು ಕೋಣೆ, ಪರದೆ, ಚಪ್ಪಲಿ ಹೊರಗೆ ಬಿಡಬೇಕೆಂಬ ಕಟ್ಟಳೆ. ಉಸ್ತುವಾರಿ ನನ್ನದು. ಒಂದು ದಿನ ಬೆಳ್ಳುಳ್ಳಿ ಚಟ್ನಿ ತಿಂದು ಬಂದ ಡ್ರಿಲ್ ಮೇಷ್ಟ್ರನ್ನು ಬಾಗಿಲಲ್ಲೇ ತಡೆದುಬಿಟ್ಟೆ. "ಯಾಕ್ರೀ?" ಎಂದರು. ಯಾಕೆ ಎಂದು ನನಗೂ ಹೇಳಲು ಬರಲಿಲ್ಲ.

ಗೂಡು ಬಿಡಿಸುವ ದಿನ ಬಂತೆಂದರೆ ಅಪ್ಪ ಒಂದೊಂದು ತಟ್ಟೆಯಿಂದ ಒಂದೊಂದು ಗೂಡು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿನ ಹುಳು ಕೋಶವಾಗಿ ಗಟ್ಟಿಯಾಗಿದ್ದರೆ ಟಕ್ ಟಕ್ ಎಂದು ಗೋಡೆಗೆ ಬಡಿಯುತ್ತದೆ. ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದಿಲ್ಲ. "ಇದಿ ಪೊಲ್ಲು ರಾ" ಎಂದು ತೆಲುಗಿನಲ್ಲಿ ಗೊಣಗಿ ಪಕ್ಕಕ್ಕೆಸೆಯುತ್ತಿದ್ದ. ಹಸು, ಹುಳು, ಸಿಟ್ಟು ಈ ಮೂರಕ್ಕೆ ಅಪ್ಪ ತೆಲುಗು, ಮಿಕ್ಕಿದ್ದಕ್ಕೆ ಕನ್ನಡ. ನನ್ನ ಕೈಗೂ ಗೂಡು ಕೊಟ್ಟು "ಏನ್ಲಾ, ಕೇಳಿಸ್ತಾ?" ಎಂದು ಕೇಳುತ್ತಿದ್ದ. ನನಗೆ ಎಲ್ಲ ಗೂಡೂ ಒಂದೇ ಥರ ಕೇಳಿಸುತ್ತಿತ್ತು. ಅಪ್ಪನ ಮುಖ ನೋಡಿ ಹೂಂ ಅಥವಾ ಊಹೂಂ ಎನ್ನುತ್ತಿದ್ದೆ.

ನನ್ನ ತಂಗಿ ಅಮರಾವತಿಗೆ ಮಾತ್ರ ದೇವರು ಬೇರೆ ಕಿವಿ ಕೊಟ್ಟಿದ್ದ. ನನಗಿಂತ ಮೂರು ವರ್ಷ ಚಿಕ್ಕವಳು. ಹತ್ತು ಗೂಡು ಅಲ್ಲಾಡಿಸಿ ಇಂಥವೆರಡು ಪೊಳ್ಳು ಎಂದರೆ, ಕೊಯ್ದು ನೋಡಿದಾಗ ಅವೇ ಎರಡು. ಸೊಪ್ಪು ತಿನ್ನುವ ಹುಳುಗಳ ಸರಸರ ಸದ್ದನ್ನು ಹೊರಗಿನಿಂದಲೇ ಕೇಳಿ "ಕೆಳಗಿನ ತಟ್ಟೆಗೆ ಸೊಪ್ಪು ಸಾಲಲ್ಲಪ್ಪ" ಎನ್ನುತ್ತಿದ್ದಳು. ಏಳನೇ ತರಗತಿ ಮುಗಿಸಿದ ವರ್ಷ ಅವಳ ಶಾಲೆ ನಿಂತಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರಬೇಕೋ ಬೇಡವೋ ಎಂದು ಇಷ್ಟು ಬರೆದ ಮೇಲೂ ತೀರ್ಮಾನವಾಗಿಲ್ಲ.

ಈಗ ಅಮರಾವತಿಗೆ ಐವತ್ತೆಂಟು. ಮದುವೆಯಾಗಿದ್ದು ಪಕ್ಕದ ಊರಿಗೇ, ಮನೆಯಲ್ಲಿ ನಾಲ್ಕು ಹಸು. ಐವತ್ತು ತುಂಬಿದ ಮೇಲೆ ಅದೇನು ಹೊಳೆಯಿತೋ, ಖಾಸಗಿಯಾಗಿ ಹತ್ತನೇ ತರಗತಿ ಕಟ್ಟಿದಳು. ಆಮೇಲೆ ಪಿಯುಸಿ. ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. "ಈ ವಯಸ್ಸಲ್ಲಿ ಯಾಕಮ್ಮ?" ಎಂದು ಕೇಳಿದವರಿಗೆಲ್ಲ "ಇನ್ಯಾವ ವಯಸ್ಸಲ್ಲಿ ಮಾಡ್ಲಿ?" ಎಂಬುದೊಂದೇ ಉತ್ತರ. ಕೊನೆಯ ವರ್ಷಕ್ಕೆ ಅರವತ್ತು ಪುಟದ ಒಂದು ಕಿರು ಪ್ರಬಂಧ ಬರೆದು ಒಪ್ಪಿಸಬೇಕು. ಅವಳು ಆರಿಸಿಕೊಂಡ ವಿಷಯ, ರೇಷ್ಮೆ ಸಾಕಣೆಯಲ್ಲಿ ಮನೆಯ ಹೆಣ್ಣುಮಕ್ಕಳ ಕೆಲಸ. ತಿಂಗಳ ಕೊನೆಗೆ ಗಡುವು, ತಪ್ಪಿದರೆ ಒಂದು ವರ್ಷ ಹೋಯಿತು. ಅವಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಆದ್ದರಿಂದ ಮಂಗಳವಾರ, ಶುಕ್ರವಾರ ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಕೋಲಾರದ ನಮ್ಮ ಮನೆಗೆ ಬಂದು ಟೈಪು ಮಾಡುತ್ತಿದ್ದಳು. ಸಂಜೆಯ ಹಾಲು ಕರೆಯಲು ಒಂದೂವರೆ ಬಸ್ಸಿಗೆ ಹೊರಟೇಬಿಡಬೇಕು. ಕೈಯಲ್ಲಿ ಇದ್ದದ್ದು ಎರಡೇ ಗಂಟೆ.

ಅದರಲ್ಲಿ ನನ್ನ ಕಂಪ್ಯೂಟರ್ ಕಣ್ಣು ಬಿಡುವುದಕ್ಕೇ ಇಪ್ಪತ್ತು ನಿಮಿಷ ತಿನ್ನುತ್ತಿತ್ತು. ಗುಂಡಿ ಒತ್ತಿದರೆ ಮೊದಲು ಒಂದು ನರಳಾಟ. ಆಮೇಲೆ ಪರದೆಯ ಮೇಲೆ ಚುಕ್ಕಿಗಳು ವೃತ್ತಾಕಾರವಾಗಿ ಸುತ್ತುತ್ತಿದ್ದವು. ನಾವಿಬ್ಬರೂ ಅದರ ಮುಂದೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆವು. ಒಂದು ಹೊತ್ತಿನ ಸಾರಿಗೆ ಆಗುವಷ್ಟು ಕಾಳಾದರೆ ಕಂಪ್ಯೂಟರ್ ಸಿದ್ಧ ಎಂದು ಸರೋಜ ಲೆಕ್ಕ ಇಟ್ಟಿದ್ದಳು. ಒಂದು ಶುಕ್ರವಾರ ಅಮರಾವತಿ ಕಾಳು ಸುಲಿಯುತ್ತಾ, "ಅಣ್ಣಾ, ನಾನು ಬರೆಯೋದಕ್ಕಿಂತ ಸುಲಿಯೋದೇ ಜಾಸ್ತಿ ಆಯ್ತು ಕಣೋ" ಎಂದಳು. ದೂರಲಿಲ್ಲ, ಸುಮ್ಮನೆ ಹೇಳಿದಳು. ಅವತ್ತೇ ಎಸ್‌ಎಸ್‌ಡಿ ಹಾಕಿಸುವುದೆಂದು ನಿಶ್ಚಯಿಸಿದೆ.

ಇಲ್ಲಿಂದ ಶುರುವಾಯಿತು ನನ್ನ ತಲೆ ಕೆಡುವುದು. ಯಾವುದನ್ನು ಕೊಳ್ಳುವುದು? ಹತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ಕಂತೆಗಟ್ಟಲೆ ಮೌಲ್ಯಮಾಪನ ಮಾಡಿದವನಿಗೆ ಒಂದು ಬಿಲ್ಲೆಯ ಮೌಲ್ಯಮಾಪನ ಏನು ಮಹಾ ಎಂದುಕೊಂಡು ಮೊಬೈಲಿನಲ್ಲಿ ವಿಮರ್ಶೆಗಳನ್ನು ಓದಲು ಕೂತೆ. ಮನೆಯವರಿಗೆ ಎಂಟ್ರಿ ಲೆವೆಲ್ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಅಂದರೆ ಮೊದಲ ಮೆಟ್ಟಿಲಿನದು, ನಮ್ಮಂಥವರಿಗೆ. ಆದರೆ ಆ ಮೆಟ್ಟಿಲಿನ ಮೇಲೇ ನೂರು ಜನ ನಿಂತು ಜಗಳವಾಡುತ್ತಿದ್ದರು. ಒಬ್ಬ ಹುಡುಗ ವೀಡಿಯೋದಲ್ಲಿ ಕೈಬೀಸಿಕೊಂಡು, ಇದರಲ್ಲಿ ಡಿರ್ಯಾಮ್ ಎಂಬ ನೆರವಿನ ಚಿಪ್ ಇಲ್ಲ, ದೊಡ್ಡ ಫೈಲು ಹಾಕಿದರೆ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತದೆ ಎಂದ. ಇನ್ನೊಬ್ಬ, ಮನೆ ಬಳಕೆಗೆ ಡಿರ್ಯಾಮ್ ಕಟ್ಟಿಕೊಂಡು ಏನಾಗಬೇಕು ಎಂದ. ಒಬ್ಬನಿಗೆ ಟಿಎಲ್‌ಸಿ ಬೇಕು, ಕ್ಯೂಎಲ್‌ಸಿ ಬೇಡ. ಯಾಕೆ ಎಂದರೆ ಟಿಎಲ್‌ಸಿಯಲ್ಲಿ ಕೋಣೆಗೆ ಮೂವರಾದರೆ ಕ್ಯೂಎಲ್‌ಸಿಯಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ಜನರನ್ನು ತುಂಬಿದ್ದಾರಂತೆ. ನಾವು ಅಜ್ಜ ಅಜ್ಜಿ ಸೇರಿ ಆರು ಜನ ಒಂದೇ ಜಗಲಿಯಲ್ಲಿ ಮಲಗಿ ಬೆಳೆದವರು, ನನಗೆ ಅದರಲ್ಲಿ ದೋಷವೇ ಕಾಣಲಿಲ್ಲ.

ಕೊಂಡವರ ಅಭಿಪ್ರಾಯ ಓದಿದರೆ ಇನ್ನೂ ಗೊಂದಲ. ಒಬ್ಬರು ಐದು ನಕ್ಷತ್ರ ಕೊಟ್ಟಿದ್ದಾರೆ, ಕಾರಣ ಡಬ್ಬಿ ಹೇಳಿದ ದಿನವೇ ಬಂತು. ಇನ್ನೊಬ್ಬರು ಒಂದೇ ನಕ್ಷತ್ರ, ಕಾರಣ ತಂದುಕೊಟ್ಟವನು ಗೇಟು ಹಾಕದೆ ಹೋದ. ಮತ್ತೊಬ್ಬರು "ಇನ್ನೂ ಉಪಯೋಗಿಸಿಲ್ಲ, ತುಂಬ ಚೆನ್ನಾಗಿದೆ" ಎಂದು ಬರೆದಿದ್ದರು. ಎಷ್ಟು ಬರೆದರೆ ಅದು ಸವೆಯುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಅಮರಾವತಿ ಒಂದು ಬೆರಳಿನಿಂದ ಅಕ್ಷರ ಹುಡುಕಿ ಒತ್ತುವ ವೇಗಕ್ಕೆ ಅದು ಸವೆಯಬೇಕಾದರೆ ಅವಳು ಇನ್ನೆಷ್ಟು ಜನ್ಮವೆತ್ತಿ ಬಿ.ಎ. ಮಾಡಬೇಕೋ ಎಂದು ಗುಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ. ಸರೋಜಳ ತಮ್ಮ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯವನು, ಅವನನ್ನು ಕೇಳಿದರೆ "ಭಾವ, ತೊಟ್ಟು ಮೂಸಿ ನೋಡ್ದೆ ನಾನೇನೂ ತಗೊಳ್ಳಲ್ಲ" ಎಂದ. ನಗಾಡಿದೆ. ನಾನು ಅವನಿಗಿಂತ ಬುದ್ಧಿವಂತನೆಂದು ಆಗ ತಿಳಿದಿದ್ದೆ.

ಕೊನೆಗೆ ಗಡಿಯಾರದ ಗೋಪುರದ ಹತ್ತಿರವಿರುವ ಸನಾವುಲ್ಲಾನ ಅಂಗಡಿಗೆ ಹೋದೆ. ಅವನು ಮುಳಬಾಗಿಲಿನಲ್ಲಿ ನನ್ನ ವಿದ್ಯಾರ್ಥಿ, ಈಗ ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವನ ಅಬ್ಬಾ ರೇಷ್ಮೆ ನೂಲು ಬಿಚ್ಚುತ್ತಿದ್ದವರು, ಎಷ್ಟೋ ಸಲ ನಮ್ಮ ಗೂಡನ್ನೂ ಕೊಂಡವರು. ಸನಾವುಲ್ಲಾ ನನ್ನ ಟಿಎಲ್‌ಸಿ, ಕ್ಯೂಎಲ್‌ಸಿ ಎಲ್ಲ ತಾಳ್ಮೆಯಿಂದ ಕೇಳಿ, "ಸಾರ್, ಅಕ್ಕ ಪ್ರಬಂಧ ಬರೀತಾರೆ ಅಷ್ಟೇ ಅಲ್ವಾ? ಇದು ಸಾಕು. ಹಳೇ ಸಿಸ್ಟಮ್ ತಗೊಂಬನ್ನಿ, ಅದ್ರಲ್ಲಿರೋದೆಲ್ಲ ಇದಕ್ಕೆ ಹಾಕಿ ಕೊಡ್ತೀನಿ" ಎಂದು ಬಿಲ್ಲೆಯ ಡಬ್ಬಿ ಕೊಟ್ಟ. ನಾನು ಮನೆಗೆ ತಂದೆ, ಅಲ್ಲಾಡಿಸಿದೆ, ಪೊಳ್ಳೆಂದೆ. ಅದನ್ನು ಮೊದಲೇ ಹೇಳಿದೆನಲ್ಲ.

ಮರುದಿನ ಅಂಗಡಿಗೆ ವಾಪಸು ಹೋದೆ. ನಾಲ್ಕಾರು ಗಿರಾಕಿಗಳಿದ್ದರು. "ಏನಯ್ಯಾ ಸನಾ, ಇದರೊಳಗೆ ಏನೂ ಇಲ್ವಲ್ಲೋ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅವನ ಕಿವಿಯ ಹತ್ತಿರವೇ ಹಿಡಿದು ಅಲ್ಲಾಡಿಸಿ ತೋರಿಸಿದೆ.

"ಸಾರ್, ಇದು ಹಂಗೇ ಇರೋದು ಸಾರ್. ಇದ್ರೊಳಗೆ ತಿರುಗೋದು ಏನೂ ಇಲ್ಲ."

"ಹಾಗಾದರೆ ಬೇರೆ ತೋರಿಸು."

ಬೇರೆ ತೋರಿಸಿದ. ಅದಕ್ಕೂ ಸದ್ದಿಲ್ಲ. ಇನ್ನೊಂದು ತೆಗೆಸಿದೆ, ಮತ್ತೊಂದು ತೆಗೆಸಿದೆ. ಗಿರಾಕಿಗಳು ತಮ್ಮ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. "ಸಾರ್, ನಮ್ಮ ಅಬ್ಬಾನೂ ಹಿಂಗೇ ಅಲ್ಲಾಡ್ಸಿ ಗೂಡು ತಗೋತಿದ್ರು. ಆದ್ರೆ ಇದು ಗೂಡಲ್ಲ ಸಾರ್" ಎಂದ ಮೆಲ್ಲಗೆ. ಯಾರೋ ಕಿಸಕ್ಕೆಂದರು. ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಅಬ್ಬಾ ಆಗಿದ್ದಿದ್ರೆ ಇಂಥ ಪೊಳ್ಳು ಮಾಲು ಕೊಡ್ತಿರ್ಲಿಲ್ಲ ಬಿಡಯ್ಯ" ಎಂದುಬಿಟ್ಟೆ. ಸನಾವುಲ್ಲಾ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಒಳಗಿಟ್ಟ. ನಾನು ಬರಿಗೈಲಿ ಮನೆಗೆ ಬಂದೆ.

ಈಗ ಆಮೇಲೆ ಹೇಳುತ್ತೇನೆಂದ ವಿಷಯ. ಡಬ್ಬಿ ತಂದ ದಿನ, ಅದನ್ನು ಬಿಚ್ಚುವ ಮೊದಲು, ಅಮರಾವತಿಯ ಫೈಲುಗಳು ಎಲ್ಲಿವೆ ಎಂದು ನೋಡಲು ಕಂಪ್ಯೂಟರ್ ತೆರೆದಿದ್ದೆ. ಅಧ್ಯಾಯಕ್ಕೊಂದು ಫೈಲು. ಕೊನೆಯದು ಎಂಟು ಪುಟ, ಅವಳ ಸ್ವಂತ ಅನುಭವ. ಓದಬಾರದಿತ್ತು, ಓದಿದೆ. ಅದರಲ್ಲಿ ಹೀಗಿತ್ತು: "ಏಳನೇ ತರಗತಿ ಮುಗಿದ ಮೇಲೆ ಹುಳು ನೋಡಿಕೊಳ್ಳಲು ನನ್ನ ಶಾಲೆಯನ್ನು ಬಿಡಿಸಿದರು. ನಾನು ಶಾಲೆ ಬಿಟ್ಟೆನೆಂದು ನನ್ನ ಅಣ್ಣ ಅತ್ತನು. ಈಗ ಇದನ್ನು ಅವನ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ."

ನಾನು ಅತ್ತದ್ದು ನನಗೆ ನೆನಪಿಲ್ಲ. ನೆನಪಿರುವುದು ಬೇರೆ. ಅವತ್ತು ಅಪ್ಪ ಮತ್ತು ನಾನು ಹಿತ್ತಲಲ್ಲಿದ್ದೆವು. ಅಮ್ಮನಿಗೆ ಸೊಂಟ ಹಿಡಿದುಕೊಂಡಿತ್ತು, ಸೊಪ್ಪು ಕೊಯ್ಯಲು, ಹುಳುವಿಗೆ ಹಾಕಲು ಮನೆಯಲ್ಲಿ ಒಬ್ಬರು ಬೇಕಾಗಿತ್ತು. "ಇಬ್ರಲ್ಲಿ ಒಬ್ರು ನಿಲ್ಬೇಕು ಕಣ್ಲಾ" ಎಂದು ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ಹತ್ತನೇ ತರಗತಿಗೆ ಹೋಗಬೇಕಾದವನು, ಹುಳು ಮುಟ್ಟಿದರೆ ಮೈ ಜುಮ್ಮೆನ್ನುತ್ತಿತ್ತು. ಥಟ್ಟನೆ ಹೇಳಿದೆ, "ನಂಗೆ ಗೂಡಿನ ಸದ್ದು ಗೊತ್ತಾಗಲ್ಲಪ್ಪ. ಅಮರಾ ಕಿವಿ ಚೆನ್ನಾಗಿದೆ. ಅವಳನ್ನೇ ಇಟ್ಕೋ." ಅಪ್ಪ "ನಿಜಮೇ" ಎಂದ. ಅಷ್ಟೇ. ತಂಗಿಯನ್ನು ಹೊಗಳಿ ನಾನು ಶಾಲೆಗೆ ಹೋದೆ.

ಇದನ್ನು ಅವಳಿಗೆ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಅವರೆಕಾಯಿ ಸುಲಿಯುತ್ತಾ, ಇವತ್ತು ಹೇಳೋಣ, ಈ ಚುಕ್ಕಿ ಇನ್ನೊಂದು ಸುತ್ತು ಸುತ್ತಲಿ ಎನ್ನುತ್ತಿದ್ದೆ. ಅಷ್ಟರಲ್ಲಿ ಪರದೆ ತೆರೆದುಕೊಳ್ಳುತ್ತಿತ್ತು, ಅವಳು ಅತ್ತ ತಿರುಗುತ್ತಿದ್ದಳು, ನನಗೆ ಬದುಕಿದೆಯಾ ಬಡಜೀವವೇ ಎನ್ನಿಸುತ್ತಿತ್ತು. ಈಗ ಅವಳು ನಾನು ಅತ್ತೆನೆಂದು ಬರೆದುಬಿಟ್ಟಿದ್ದಾಳೆ. ಅದನ್ನು ಯಾರೋ ಪ್ರೊಫೆಸರು ಓದಿ ಸರಿ ಹಾಕುತ್ತಾರೆ. ಸನಾವುಲ್ಲಾನ ಅಂಗಡಿಯಲ್ಲಿ ನಾನು ನಾಲ್ಕು ಬಿಲ್ಲೆ ಅಲ್ಲಾಡಿಸಿದ್ದು ಹಳೆಯ ಅಭ್ಯಾಸದಿಂದಲೋ, ಆ ಪ್ರಬಂಧ ಮುಗಿಯುವುದು ನನಗೆ ಬೇಡವಾಗಿತ್ತೋ? ಎಷ್ಟು ಯೋಚಿಸಿದರೂ ಇವತ್ತಿಗೂ ಬಗೆಹರಿದಿಲ್ಲ.

ಮುಂದಿನ ಮಂಗಳವಾರ ಅಮರಾವತಿ ಬಂದು ಗುಂಡಿ ಒತ್ತಿದಳು. ನರಳಾಟದ ಬದಲು ಕಟ್ ಕಟ್ ಕಟ್ ಎಂಬ ಸದ್ದು. ಅವರೆಕಾಯಿ ಮುಗಿಯಿತು, ಚುಕ್ಕಿಗಳು ಸುತ್ತುತ್ತಲೇ ಇದ್ದವು. ನಾನು ಧೈರ್ಯ ಹೇಳಿದೆ. "ಸದ್ದು ಬರ್ತಿದೆಯಲ್ಲ, ಕೆಲಸ ಮಾಡ್ತಿದೆ ಅಂತ ಅರ್ಥ."

ಅವಳು ನೆಲದ ಮೇಲೆ ಕೂತು ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಹಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದಾಗ ಮುಖ ಸಣ್ಣದಾಗಿತ್ತು. "ಇಲ್ಲ ಅಣ್ಣಾ. ಇದು ಸಾಯೋ ಸದ್ದು. ಒಂದೇ ಜಾಗದಲ್ಲಿ ಬಡ್ಕೊಳ್ತಿದೆ, ಮುಂದಕ್ಕೆ ಹೋಗ್ತಿಲ್ಲ."

"ಎಲ್ಲ ಇದರೊಳಗೇ ಇದೆಯಾ? ಬೇರೆ ಕಡೆ ಇಟ್ಟಿಲ್ವಾ?" ಎಂದು ಕೇಳಿದೆ.

"ನೀನೇ ಅಲ್ವಾ ಹೇಳಿದ್ದು, ಒಳಗಿರುತ್ತೆ, ಎಲ್ಲಿ ಹೋಗುತ್ತೆ ಅಂತ?"

ಹೌದು, ನಾನೇ. ಅರವತ್ತು ಪುಟ, ಒಂದು ಬೆರಳಿನಲ್ಲಿ, ತಿದ್ದುವುದಷ್ಟೇ ಬಾಕಿಯಿತ್ತು. ಗಡುವಿಗೆ ಹದಿಮೂರು ದಿನ ಉಳಿದಿತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆದರೆ ನನ್ನ ಮನಸ್ಸಿನ ಮೂಲೆಯಲ್ಲೆಲ್ಲೋ, ಆ ಎಂಟು ಪುಟ ಹೋಯಿತಲ್ಲ ಎಂಬ ಒಂದು ಚೂರು ಸಮಾಧಾನವೂ ಇತ್ತು. ಛೀ, ನನ್ನ ಜನ್ಮಕ್ಕಿಷ್ಟು.

"ಹೊಸದು ತಂದಿದ್ದೀನಿ ಅಂತ ಫೋನಲ್ಲಿ ಅಂದಿದ್ಯಲ್ಲ, ಎಲ್ಲಿ ಅದು?" ಎಂದಳು. ವಾಪಸು ಕೊಟ್ಟ ಕತೆ ಹೇಳಿದೆ. ಅಲ್ಲಾಡಿಸಿದ್ದನ್ನೂ ಹೇಳಬೇಕಾಯಿತು. ಅಳುತ್ತಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. "ಅಯ್ಯೋ ಅಣ್ಣಾ! ಗೂಡು ಅಲ್ಲಾಡ್ಸೋದು ಒಳಗೆ ಹುಳ ಇದ್ಯಾ ಅಂತ. ಅದರೊಳಗೆ ಹುಳ ಎಲ್ಲಿಂದ ಬರ್ಬೇಕು? ನಡಿ, ಮೊದ್ಲು ಆ ಹುಡುಗನ ಹತ್ರ ಹೋಗೋಣ." ಒಳಗಿನಿಂದ ಸರೋಜ "ಹೋಗಿ ಕೈಮುಗೀರಿ ಅವನಿಗೆ" ಎಂದಳು.

ಕಂಪ್ಯೂಟರಿನ ಡಬ್ಬವನ್ನು ಹಳೆಯ ಸೀರೆಯಲ್ಲಿ ಕಟ್ಟಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆವು. ಸನಾವುಲ್ಲಾ ನನ್ನ ಮುಖ ನೋಡಲಿಲ್ಲ, "ಬನ್ನಿ ಅಕ್ಕಾ" ಎಂದ. ಅವನು ಡಿಸ್ಕನ್ನು ಹೊರತೆಗೆದು ತನ್ನ ಯಂತ್ರಕ್ಕೆ ಜೋಡಿಸಿ ಕೂತ. ನಾನು ಗಂಟಲು ಸರಿಮಾಡಿಕೊಂಡು, "ಸನಾ, ಅವತ್ತು ಅಬ್ಬಾ ವಿಷಯ ನಾನು ಅನ್ನಬಾರದಿತ್ತು" ಎಂದೆ. ಅವನು ಪರದೆಯಿಂದ ಕಣ್ಣು ತೆಗೆಯದೆ, "ಬಿಡಿ ಸಾರ್. ಕ್ಲಾಸಲ್ಲಿ ಇದಕ್ಕಿಂತ ಜಾಸ್ತಿ ಬೈದಿದ್ದೀರಿ" ಎಂದ. ಆಮೇಲೆ ಒಂದು ಡಬ್ಬಿ ತೆಗೆದು ಅಮರಾವತಿಯ ಕೈಗೆ ಕೊಟ್ಟ, ಅದೇ ಡಬ್ಬಿ. ಅವಳು ಬಿಲ್ಲೆಯನ್ನು ಹೊರತೆಗೆದಳು, ತೂಗಿದಳು. ಮರುಕ್ಷಣ ಅವಳ ಕೈಯೂ ಕಿವಿಯ ಹತ್ತಿರ ಹೋಯಿತು. ಅಲ್ಲಾಡಿಸಿ, ನಮ್ಮಿಬ್ಬರ ಮುಖ ನೋಡಿ, "ಸದ್ದಿಲ್ಲ. ಚೆನ್ನಾಗಿದೆ, ಇದನ್ನೇ ಹಾಕಪ್ಪ" ಎಂದಳು. ಸನಾವುಲ್ಲಾ ಅಂಗಡಿ ಅದುರುವಂತೆ ನಕ್ಕ.

ಎರಡು ದಿನ ಹಿಡಿಯಿತು. ಸಾಯುತ್ತಿದ್ದ ಡಿಸ್ಕಿನಿಂದ ಅವನು ಚೂರುಚೂರಾಗಿ ಎಲ್ಲವನ್ನೂ ಎತ್ತಿದ. ಐವತ್ತೆರಡು ಪುಟ ಸಿಕ್ಕಿತು. ಕೊನೆಯ ಅಧ್ಯಾಯದ ಫೈಲು ಮಾತ್ರ ತೆರೆಯಲಿಲ್ಲ. "ಎಂಟು ಪುಟ ಹೋಯ್ತಕ್ಕಾ, ಸಾರಿ" ಎಂದ. ಅಮರಾವತಿ, "ಹೋಗ್ಲಿ ಬಿಡು, ಅದು ನನ್ನ ತಲೇಲಿದೆ" ಎಂದಳು. ನನ್ನ ತಲೆಯಲ್ಲಿಯೂ ಇತ್ತು.

ಶುಕ್ರವಾರ ಅವಳು ಬಂದಳು. ಸರೋಜ ಅಭ್ಯಾಸದಂತೆ ಮೊರ ತಂದಿಟ್ಟಳು. ಅಮರಾವತಿ ಗುಂಡಿ ಒತ್ತಿದಳು. ನಾನು ಒಂದು ಅವರೆಕಾಯಿ ಎತ್ತಿಕೊಂಡು ನಾರು ತೆಗೆಯುವಷ್ಟರಲ್ಲಿ ಪರದೆ ಬಂದುಬಿಟ್ಟಿತ್ತು. ಮೌಲ್ಯಮಾಪನ ಕೇಳಿದರೆ ನಾನು ಆ ಬಿಲ್ಲೆಗೆ ನೂರಕ್ಕೆ ತೊಂಬತ್ತೈದು ಕೊಡುತ್ತೇನೆ. ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ನನಗಿನ್ನೂ ತಿಳಿಯದು. ಐದು ಅಂಕ ಕಳೆದದ್ದು ಅದರ ತಪ್ಪಿಗಲ್ಲ, ನನಗಿದ್ದ ಇಪ್ಪತ್ತು ನಿಮಿಷವನ್ನು ಅದು ಕಿತ್ತುಕೊಂಡಿತೆಂದು.

ಅವಳು ಹೊಸ ಪುಟ ತೆರೆದು ಟೈಪು ಮಾಡತೊಡಗಿದಳು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಹಳೆಯ ಡಿಸ್ಕಿದ್ದರೆ ನನ್ನ ಮಾತು ಅದರ ಕಟಕಟದಲ್ಲಿ ಅರ್ಧ ಮುಚ್ಚಿಹೋಗುತ್ತಿತ್ತು. "ಏಳನೇ ತರಗತಿ ಮುಗಿದ ಮೇಲೆ" ಎಂದು ಅವಳು ಒತ್ತುತ್ತಿರುವಾಗ ನಾನು ಹೇಳಿದೆ. ಹಿತ್ತಲು, ಅಪ್ಪ, ಅಮರಾ ಕಿವಿ ಚೆನ್ನಾಗಿದೆ, ಅವಳನ್ನೇ ಇಟ್ಕೋ, ಎಲ್ಲ. ಕೈಯಲ್ಲಿದ್ದ ಅವರೆಕಾಯಿಯನ್ನೇ ನೋಡುತ್ತಾ ಹೇಳಿದೆ.

ಅವಳ ಬೆರಳು ನಿಂತಿತು. "ಗೊತ್ತು" ಎಂದಳು.

"ಗೊತ್ತಾ? ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಹಿತ್ತಲ ಗೋಡೆ ಒಳಗಡೆ ನಾನು ಹುಳುಗೆ ಸೊಪ್ಪು ಹಾಕ್ತಿದ್ದೆ. ನನ್ನ ಕಿವಿ ಚೆನ್ನಾಗಿದೆ ಅಂತ ನೀನೇ ಹೇಳ್ತಿದ್ಯಲ್ಲ, ನಂಗೆ ಕೇಳ್ಸಲ್ವಾ?"

ನಲವತ್ತೈದು ವರ್ಷ. ಅವಳ ಮದುವೆಯಲ್ಲಿ ನಾನು ಧಾರೆಯ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದೆ. ಪ್ರತಿ ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟಿದ್ದೆ, ಅವಳು ಕಾಲಿಗೆರಗಿದ್ದಳು. ಅಷ್ಟು ಸಲವೂ ಅವಳಿಗೆ ಗೊತ್ತಿತ್ತು.

"ಮತ್ತೆ ನಾನು ಅತ್ತೆ ಅಂತ ಯಾಕೆ ಬರೆದಿದ್ದೆ?" ಎಂದೆ. ಓದಿದ್ದೆನೆಂಬ ಗುಟ್ಟೂ ಅಲ್ಲಿಗೆ ಬಯಲಾಯಿತು.

"ನೀನು ಅತ್ತಿದ್ಯಲ್ಲ, ಅದಕ್ಕೆ. ಶಾಲೆ ಶುರುವಾದ ದಿನ ಬ್ಯಾಗ್ ಹಾಕ್ಕೊಂಡು ಹೊರಟೋನು ಶಾಲೆಗೆ ಹೋಗ್ಲಿಲ್ಲ ನೀನು. ನಮ್ಮ ಸೊಪ್ಪಿನ ತೋಟದಲ್ಲಿ ಕೂತ್ಕೊಂಡು ಗೊಳೋ ಅಂತ ಅಳ್ತಿದ್ದೆ. ನಾನು ಈ ಕಡೆ ಸಾಲಲ್ಲಿ ಸೊಪ್ಪು ಕೊಯ್ತಿದ್ದೆ. ನಿನಗೆ ನಾನು ಕಾಣ್ಲಿಲ್ಲ, ನಂಗೆ ನೀನು ಕೇಳಿಸ್ದೆ."

ನನಗೆ ನೆನಪಿಲ್ಲ. ಎಷ್ಟು ತಡಕಾಡಿದರೂ ಆ ತೋಟ, ಆ ಬ್ಯಾಗು, ಆ ಅಳು ಸಿಗುತ್ತಿಲ್ಲ. ಹಿತ್ತಲಲ್ಲಿ ಆಡಿದ ಮಾತು ಮಾತ್ರ ಅಕ್ಷರ ಬಿಡದಂತೆ ಇದೆ. ಅವಳು ನನ್ನನ್ನು ಕಾಪಾಡಲು ಹೇಳುತ್ತಿದ್ದಾಳೋ, ನಿಜವಾಗಿಯೂ ನಾನು ಅತ್ತೆನೋ? ಅವಳ ಕಿವಿ ಎಂದೂ ತಪ್ಪಿದ್ದನ್ನು ನಾನು ಕಂಡಿಲ್ಲ. ಆದರೂ ಗೊತ್ತಾಗಲಿಲ್ಲ.

ಅಮರಾವತಿ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ತಿರುಗಿದಳು. "ಮೊದಲ ಸಲ ಬರೆದಾಗ ಅಳೋದೊಂದೇ ಬರೆದಿದ್ದೆ. ಹಿತ್ತಲ ಮಾತನ್ನ ಬರೆಯೋಕೆ ಮನಸ್ಸಾಗ್ಲಿಲ್ಲ. ಈಗ ನೀನೇ ಹೇಳ್ದೆ. ಯಾವ್ದು ಬರೀಲಿ ಹೇಳು. ಬೇಗ ಹೇಳಣ್ಣಾ, ಒಂದೂವರೆ ಬಸ್ಸು ತಪ್ಪಿದ್ರೆ ಹಸು ಕಾಯ್ತಿರ್ತವೆ."

"ಎರಡೂ ಬರಿ" ಎಂದೆ.

ಅವಳು ತಲೆಯಾಡಿಸಿ, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಮೊದಲು ಯಾವುದನ್ನು ಬರೆದಳೋ, ನಾನು ಬಗ್ಗಿ ನೋಡಲಿಲ್ಲ.